ಸಿಜೆ 3ಬಿ ಚಾಸಿಗೆ ಪೌಡರ್ ಕೋಟಿಂಗೋ, ಪೇಂಟೋ?

ನಮಸ್ಕಾರ. ಕುಂದಾಪುರದಲ್ಲಿ ನಿಮ್ಮ 1968ರ ಮಹೀಂದ್ರಾ ಸಿಜೆ 3ಬಿ ಜೀಪಿನ ಬಾಡಿ ಇಳಿಸಿಟ್ಟಿದ್ದೀರಿ. ಚಾಸಿಗೂ ಕಮಾನು ಪಟ್ಟಿಗಳಿಗೂ (ಲೀಫ್ ಸ್ಪ್ರಿಂಗ್) ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಒಲೆಯಲ್ಲಿ ಬೇಯಿಸುವ ಲೇಪ) ಮಾಡಿಸಲೋ, ಪೇಂಟ್ ಹೊಡೆಸಲೋ ಎಂದು ಕೇಳಿದ್ದೀರಿ. ನನ್ನ ಮತ ಪೇಂಟಿಗೆ.

ನಾನು ಮೊದಲ ಜೀಪಿಗೆ ಪೌಡರ್ ಕೋಟಿಂಗನ್ನೇ ಮಾಡಿಸಿದ್ದೆ. ಬಂದ ದಿನ ಕನ್ನಡಿಯಂತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಹಿಂದಿನ ಚಕ್ರದ ಬಳಿ ಉಗುರಿನಿಂದ ಕೆರೆದರೆ ಹಾಳೆಹಾಳೆಯಾಗಿ ಎದ್ದು ಬಂತು, ಒಳಗೆಲ್ಲ ತುಕ್ಕು. ಜಲ್ಲಿಕಲ್ಲು ಬಡಿದು ಒಂದು ಕಡೆ ಚಕ್ಕೆ ಹಾರಿದರೆ ಸಾಕು, ನೀರು ಪದರದ ಅಡಿಯಲ್ಲೇ ಹರಡುತ್ತದೆ, ಮೇಲಿನಿಂದ ಗೊತ್ತೇ ಆಗುವುದಿಲ್ಲ. ಅದನ್ನು ಮನೆಯಲ್ಲಿ ಸರಿಮಾಡಲೂ ಬರುವುದಿಲ್ಲ, ಸುಮಾರು 180 ಡಿಗ್ರಿಯ ಒಲೆಯಲ್ಲಿ ಬೇಯಬೇಕಾದ ಬಣ್ಣ ಅದು. ಪೇಂಟಾದರೆ ವರ್ಷಕ್ಕೊಮ್ಮೆ ಜೀಪಿನ ಅಡಿ ಮಲಗಿ, ಉಜ್ಜುಕಾಗದ ಹಾಕಿ, ಬ್ರಷ್‌ನಿಂದ ತೇಪೆ ಹಚ್ಚಿದರಾಯಿತು.

ಸ್ಯಾಂಡ್ ಬ್ಲಾಸ್ಟಿಂಗ್ (ರಭಸದಿಂದ ಮರಳು ಹೊಡೆದು ತುಕ್ಕು ತೆಗೆಯುವುದು) ಮಾಡಿಸುವ ಮೊದಲು ಚಾಸಿ ನಂಬರಿನ ಫೋಟೋ ತೆಗೆದು, ಆ ಜಾಗಕ್ಕೆ ದಪ್ಪ ರಬ್ಬರ್ ಅಂಟಿಸಿ. ನಂಬರ್ ಸವೆದರೆ ಆರ್‌ಟಿಒದಲ್ಲಿ ಅಲೆದಾಟ ತಪ್ಪದು. 50 ವರ್ಷ ದಾಟಿದ ಗಾಡಿಗಳಿಗೆಂದು 2021ರಲ್ಲಿ ಬಂದ 'ವಿಎ' ಸರಣಿಯ ನೋಂದಣಿ ಮಾಡಿಸುವ ಆಲೋಚನೆಯಿದ್ದರಂತೂ ಇನ್ನೂ ಜೋಕೆ. ಬ್ಲಾಸ್ಟ್ ಆದ ದಿನವೇ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಬೀಳಬೇಕು. ನಿಮ್ಮ ಕಡಲ ಗಾಳಿಗೆ ಬೆತ್ತಲೆ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಆದ್ದರಿಂದ ಈ ಕೆಲಸ ಜನವರಿ, ಫೆಬ್ರವರಿಯ ಒಣ ದಿನಗಳಿಗೇ ಇರಲಿ. ಪ್ರೈಮರ್ ಎರಡು ಕೈ, ಅದರ ಮೇಲೆ ಕಪ್ಪು ಪಿಯು (ಪಾಲಿಯುರೆಥೇನ್) ಪೇಂಟ್ ಎರಡು ಕೈ. ಪಿಯು ಪೇಂಟಿಗೆ ಬೆರೆಸುವ ಹಾರ್ಡನರಿನಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಐಸೊಸಯನೇಟ್ ಇರುತ್ತದೆ, ಅದನ್ನು ಸ್ಪ್ರೇ ಮಾಡುವಾಗ ಮೂಗಿಗೆ ಕಟ್ಟಿದ ಕರ್ಚೀಫು ಏನನ್ನೂ ತಡೆಯುವುದಿಲ್ಲ. ಸರಿಯಾದ ವ್ಯವಸ್ಥೆ ಇರುವ ಪೇಂಟರಿಗೇ ಕೊಡಿ.

ನಿಮ್ಮ ಪ್ರಶ್ನೆಗೆ ಇಲ್ಲೊಬ್ಬರು ಎಲ್ಲವನ್ನೂ ಗ್ಯಾಲ್ವನೈಸ್ (ಕರಗಿದ ಸತುವಿನ ಲೇಪ) ಮಾಡಿಸಿ ಎಂದು ಉತ್ತರಿಸಿದ್ದಾರೆ. ಚಾಸಿಗೆ ಅದು ಒಪ್ಪಬಹುದು, ಆದರೆ ಸುಮಾರು 450 ಡಿಗ್ರಿಯ ಸತುವಿನಲ್ಲಿ ಅದ್ದಿದಾಗ ಸೊಟ್ಟಗಾಗುವ ಭಯವಿದೆ. ಮುಚ್ಚಿದ ಪೆಟ್ಟಿಗೆಯಂಥ ಭಾಗಗಳಿಗೆ ಗಾಳಿ ಹೋಗುವ ತೂತು ಇಲ್ಲದಿದ್ದರೆ ಸಿಡಿಯಲೂಬಹುದು. ಕಮಾನು ಪಟ್ಟಿಗಳಿಗೆ ಮಾತ್ರ ಖಂಡಿತ ಬೇಡ. ಮೊದಲು ಆಮ್ಲದಲ್ಲಿ ತೊಳೆಯುವಾಗ ಗಡುಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಪಟ್ಟಿ ಪೆಡಸಾಗುವ ಅಪಾಯವಿದೆ. ಆಮೇಲೆ ಘಾಟಿಯಲ್ಲಿ ಲೋಡಿನೊಂದಿಗೆ ಇಳಿಯುವಾಗ ಟಣ್ ಎಂದು ಮುರಿದೀತು.

ಪಟ್ಟಿಗಳನ್ನು ಬಿಚ್ಚಿ ಶುಚಿ ಮಾಡಿ, ತೆಳುವಾಗಿ ಪ್ರೈಮರ್ ಕೊಟ್ಟು, ಒಂದರ ಮೇಲೊಂದು ಉಜ್ಜುವ ಜಾಗಕ್ಕೆ ಗ್ರಾಫೈಟ್ ಗ್ರೀಸ್ ಸವರಿ ಜೋಡಿಸಿ. ಅಲ್ಲಿ ದಪ್ಪ ಬಣ್ಣ ಹೇಗೂ ನಿಲ್ಲುವುದಿಲ್ಲ. ಪಟ್ಟಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಕೊಂಡಿಯ ಥ್ರೆಡ್‌ಗಳಿಗೂ ಗ್ರೀಸ್ ನಿಪ್ಪಲ್‌ಗಳಿಗೂ ಮೊದಲೇ ಟೇಪ್ ಸುತ್ತಿ.

ಬಣ್ಣ ಒಣಗಿದ ಮೇಲೆ ಚಾಸಿಯ ಪೊಳ್ಳುಗಳೊಳಗೆ ಉದ್ದ ನಳಿಕೆಯಿಂದ ಮೇಣದ ಸ್ಪ್ರೇ ಹೊಡೆಯಿರಿ. ತುಕ್ಕು ಹೆಚ್ಚಾಗಿ ಒಳಗಿನಿಂದಲೇ ಬರುವುದು. ನೀರಿಳಿಯುವ ತೂತುಗಳನ್ನು ಮಾತ್ರ ಮೇಣ ಮುಚ್ಚದಿರಲಿ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ನಮ್ಮೂರ ಹಳೆಯ ಪದ್ಧತಿ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ, ಅಂಗಳವನ್ನೂ ಕೆಡಿಸುತ್ತದೆ.

ಬ್ಲಾಸ್ಟ್ ಆದ ಮೇಲೆ ಚಾಸಿಯ ಹಿಂದಿನ ಅಡ್ಡಪಟ್ಟಿಯ ಫೋಟೋ ಇಲ್ಲಿ ಹಾಕಿ. ಅಲ್ಲಿ ತೂತು ಬಿದ್ದಿದ್ದರೆ ಬಣ್ಣಕ್ಕಿಂತ ಮೊದಲು ವೆಲ್ಡಿಂಗ್ ಆಗಬೇಕು.