ಓದುಗರ ಪ್ರಶ್ನೆ: ಹವಾನಾದ ಕಾಫಿ, ಮೂಡಿಗೆರೆಯ ಪುಡಿ

ಪ್ರಶ್ನೆ: ಕ್ಯೂಬಾದ ರಾಜಧಾನಿ ಹವಾನಾದಲ್ಲಿ ನಡೆಯುವ ಸಿನಿಮಾವೊಂದರಲ್ಲಿ ಒಬ್ಬಾಕೆ ಸಕ್ಕರೆಗೆ ಚೂರೇ ಕಾಫಿ ಬಿಟ್ಟು ಚಮಚದಲ್ಲಿ ಕಡಿಯುತ್ತಾಳೆ. ಕೊನೆಗೆ ಹಾಲಿಲ್ಲದ ಕಾಫಿಯ ಮೇಲೆ ದಪ್ಪ ನೊರೆ! ಮನೆಯಲ್ಲಿ ಮಾಡಿದರೆ ಬರೀ ಪಾಕವಾಗುತ್ತದೆ. ಯಾಕೆ?
– ಓದುಗರು, ಮೂಡಿಗೆರೆ

ಉತ್ತರ: ಕಾಫಿ ಹೆಚ್ಚು ಬಿದ್ದಿದೆ. ಎಸ್ಪುಮಿತಾ ಎಂಬ ಆ ನೊರೆಗೆ ಮೋಕಾ ಪಾಟಿನಿಂದ (ತಳದ ನೀರು ಆವಿಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುವ ಒಲೆಯ ಪಾತ್ರೆ) ಮೊದಲು ಉಕ್ಕುವ ಕಪ್ಪು ಡಿಕಾಕ್ಷನ್ ಮಾತ್ರ ಬೇಕು. ಮೂರು ಕಪ್ಪಿನ ಪಾಟಿಗೆ 15 ಗ್ರಾಂ ಪುಡಿ ಹಾಕಿ, ಒತ್ತದೆ ಬೆರಳಲ್ಲಿ ಸಮ ಮಾಡಿ. ನೀರು ತಳದ ವಾಲ್ವಿಗಿಂತ ಕೆಳಗಿರಲಿ, ಉರಿ ಸಣ್ಣದಿರಲಿ.

ಲೋಟದಲ್ಲಿ ಮೂರು ಟೀ ಚಮಚ ಸಕ್ಕರೆ ಇಟ್ಟುಕೊಳ್ಳಿ. ನಮ್ಮ ಸಕ್ಕರೆ ದಪ್ಪ ಹರಳು, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಕೈನೋವು ತಪ್ಪುತ್ತದೆ. ಮೊದಲ ಧಾರೆ ಕಂಡ ಕೂಡಲೇ ಒಂದು ಟೀ ಚಮಚದಷ್ಟು ಸಕ್ಕರೆಗೆ ಬಿಟ್ಟು ಪಾಟನ್ನು ಮತ್ತೆ ಒಲೆಗಿಡಿ. ಸಕ್ಕರೆ ಒದ್ದೆ ಮರಳಿನ ಹಾಗಿರಬೇಕು, ಹರಿಯಬಾರದು. ಲೋಟದ ಗೋಡೆಗೆ ಉಜ್ಜುತ್ತಾ ಎರಡು ಮೂರು ನಿಮಿಷ ಕಡಿದರೆ ಕಪ್ಪು ಬಣ್ಣ ತಿಳಿಯಾಗಿ ಕೆನೆಗಟ್ಟುತ್ತದೆ. ದಪ್ಪವಿದ್ದರಷ್ಟೇ ಗಾಳಿಗುಳ್ಳೆ ನಿಲ್ಲುವುದು. ನೀರಾದರೆ ಮೇಲೆ ಬಂದು ಒಡೆಯುತ್ತದೆ. ಹಾಗಾದಾಗ ಅರ್ಧ ಚಮಚ ಸಕ್ಕರೆ ಸೇರಿಸಿ ಮತ್ತೆ ಕಡಿಯಿರಿ. ಉಳಿದ ಕಾಫಿಯನ್ನು ನಿಧಾನವಾಗಿ ಸುರಿದು, ಒಮ್ಮೆ ಕಲಕಿ, ಪುಟ್ಟ ಕಪ್ಪಿಗೆ ಬಗ್ಗಿಸಿ.

ಪುಡಿ ಮಾಡಿಸುವಾಗ ಚಿಕೋರಿ ಬೇಡ ಅನ್ನಿ. ನೀರನ್ನು ತಡೆದು ನಿಲ್ಲಿಸುವುದು ಅದರ ಗುಣ. ಫಿಲ್ಟರಿನಲ್ಲಿ ಅದರಿಂದಲೇ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ, ಮೋಕಾದಲ್ಲಿ ದಾರಿ ಕಟ್ಟಿ ಒತ್ತಡ ಏರುತ್ತದೆ. ಕ್ಯೂಬಾದ ರೇಷನ್ ಕಾಫಿಗೆ ಹುರಿದ ಬಟಾಣಿ ಬೆರೆಸುತ್ತಾರೆ. ಪಾಟ್ ಕಟ್ಟಿಕೊಳ್ಳುತ್ತದೆ ಎಂಬ ದೂರು ಅಲ್ಲೂ ಇದೆ. ಮೋಕಾ ಇಲ್ಲದಿದ್ದರೆ ಫಿಲ್ಟರಿನ ಮೊದಲ ಡಿಕಾಕ್ಷನ್ ನಡೆಯುತ್ತದೆ. ಬಿಸಿ ಮಾಡಿ, ಕುದಿಸಬೇಡಿ.

ಪ್ರಶ್ನೆ: ಕ್ಯೂಬಾದ ಸಿನಿಮಾಗಳಲ್ಲಿ ಅಂಗಡಿ ಮುಂದೆ ಜನ ಅಲ್ಲಲ್ಲಿ ಕೂತಿರುತ್ತಾರೆ, ಬಂದವರು ಏನೋ ಕೂಗಿ ಕೇಳುತ್ತಾರೆ. ಕೈಯಲ್ಲಿ ಸಣ್ಣ ಪುಸ್ತಕ. ಏನದು?
– ಓದುಗರು, ಹಾಸನ

ಉತ್ತರ: ಅದೂ ಕ್ಯೂನೇ. ಬಂದವರು “ಉಲ್ತಿಮೊ?” ಎಂದು ಕೊನೆಯವರನ್ನು ವಿಚಾರಿಸುತ್ತಾರೆ. ಯಾರು ಕೈ ಎತ್ತುತ್ತಾರೋ ಅವರ ಹಿಂದೆ ಇವರ ಪಾಳಿ. ಆಮೇಲೆ ನೆರಳಲ್ಲಿ ಕೂರಬಹುದು. ಪಳಗಿದವರು ಕೈ ಎತ್ತಿದವರ ಮುಂದೆ ಯಾರಿದ್ದಾರೆಂದೂ ಕೇಳಿಟ್ಟುಕೊಳ್ಳುತ್ತಾರೆ, ನಡುವಿನವರು ಬೇಸತ್ತು ಮನೆಗೆ ಹೋದರೆ ಪಾಳಿ ತಪ್ಪಬಾರದಲ್ಲ. ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆಯುವ ನಮಗೆ ಇದು ಒಗ್ಗುವುದು ಕಷ್ಟವೇ.

ಪುಸ್ತಕದ ಹೆಸರು ಲಿಬ್ರೆತಾ, 1962ರಿಂದ ಇರುವ ರೇಷನ್ ಪುಸ್ತಕ. ನಮ್ಮಲ್ಲಿಯ ಹಾಗೆ ಬಿಪಿಎಲ್, ಎಪಿಎಲ್ ಭೇದವಿಲ್ಲ. ಅಕ್ಕಿ, ಸಕ್ಕರೆ, ಕಾಳು, ಎಣ್ಣೆ ತಲೆಲೆಕ್ಕದಲ್ಲಿ. ಕಾಫಿ ಪೊಟ್ಟಣ 115 ಗ್ರಾಂನದು. ಈಚಿನ ವರ್ಷಗಳಲ್ಲಿ ಯಾವುದೂ ಸಕಾಲಕ್ಕೆ ಬರುವುದಿಲ್ಲ. ಬೊದೇಗಾ ಎನ್ನುವ ಆ ಅಂಗಡಿಯ ಗೋಡೆಯ ಕರಿಹಲಗೆಯಲ್ಲಿ ಬಂದ ಸಾಮಾನನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಸಬ್‌ಟೈಟಲ್ ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಅರ್ರೋಸ್ ಅಕ್ಕಿ, ಫ್ರಿಹೋಲೆಸ್ ಕಾಳು, ಅಸೇಯ್ತೆ ಎಣ್ಣೆ: ಇಷ್ಟು ಗೊತ್ತಿದ್ದರೆ ದೃಶ್ಯವನ್ನು ಅಲ್ಲೇ ನಿಲ್ಲಿಸಿ ಓದಿಕೊಳ್ಳಬಹುದು.