ಕುದುರೆಮುಖದ ಬುಡದಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಲ್ಲ

ಕಾಡಿನೊಳಗೆ ಒಂಟಿ ಮನೆ ಮಾಡಿಕೊಂಡು ಜನ ಹೇಗಿರುತ್ತಾರೆ, ಯಾಕೆ ಇನ್ನೂ ಅಲ್ಲೇ ಇದ್ದಾರೆ ಅಂತ ಕೇಳಿದ್ದೀರಿ. ಚಾರಣಕ್ಕೆ ಬರುವವರಲ್ಲಿ ತುಂಬ ಜನ ಇದನ್ನೇ ಕೇಳುತ್ತಾರೆ. ಆದರೆ ಅವರು ಬೇಗ ಹೊರಡಬೇಕಾಗಿರುತ್ತದೆ, ಪೂರ್ತಿ ಹೇಳಲು ಆಗುವುದೇ ಇಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ಚಿಕ್ಕಮಗಳೂರು ಜಿಲ್ಲೆಯ ಕಳಸ ತಾಲ್ಲೂಕಿನವನು. ಸಂಸೆಯಿಂದ ಒಳಗೆ ನಮ್ಮ ಮನೆ. ಸಣ್ಣ ಅಡಿಕೆ ತೋಟ, ಜೊತೆಗೆ ಒಂದಿಷ್ಟು ಕಾಫಿ. ನಮ್ಮಿಂದ ಮೇಲಕ್ಕೆ ಮಲೆಕುಡಿಯರ ಮನೆಗಳು, ಹಳ್ಳದ ಆಚೆ ಗೌಡಲು ಜನ. ಎರಡೂ ಪರಿಶಿಷ್ಟ ಪಂಗಡದ ಸಮುದಾಯಗಳು. ಗುಡ್ಡದ ಸಾಲು ದಾಟಿದರೆ ದಕ್ಷಿಣ ಕನ್ನಡ ಜಿಲ್ಲೆ. ಮಲೆಕುಡಿಯರಿಗೆ ಆ ಕಡೆಯೂ ನೆಂಟರಿದ್ದಾರೆ. ಬೆಳ್ತಂಗಡಿ ಕಡೆಗೆ ಹೆಣ್ಣು ಕೊಡುತ್ತಾರೆ, ಅಲ್ಲಿಂದ ತರುತ್ತಾರೆ. ಹಾಗಾಗಿ ನಮ್ಮಲ್ಲಿ ಕನ್ನಡದ ಜೊತೆ ತುಳುವೂ ಕಿವಿಗೆ ಬೀಳುತ್ತದೆ. ಹಿಂದಿನವರು ನಡೆದೇ ಘಟ್ಟ ಇಳಿಯುತ್ತಿದ್ದರು. ಈಗ ಬಸ್ಸಿನಲ್ಲಿ ಸುತ್ತಿ ಹೋಗುತ್ತಾರೆ.

ಇಲ್ಲಿನ ದೊಡ್ಡ ಕಷ್ಟ ದಾರಿಯದ್ದು. ಬೇಸಿಗೆಯಲ್ಲಿ ಜೀಪು ಹತ್ತುವ ಜಾಗಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆದೇ ಹೋಗಬೇಕು. ಮಳೆ ಜೋರಾದರೆ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮೇಲೇ ಭದ್ರಾ ನದಿ ಹರಿಯುತ್ತದೆ. ಅದು ಸುದ್ದಿಯಾಗುತ್ತದೆ, ಟಿವಿಯವರು ಬರುತ್ತಾರೆ. ನಮ್ಮ ಒಳಗಿನ ಹಳ್ಳಗಳು ಯಾರ ಸುದ್ದಿಗೂ ಬರುವುದಿಲ್ಲ. ಅಲ್ಲಿ ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕವೇ ದಾರಿ. ಪ್ರತಿ ವರ್ಷ ಮಳೆಗೆ ಮುಂಚೆ ಊರವರೇ ಸೇರಿ ಹೊಸದಾಗಿ ಕಟ್ಟುತ್ತೇವೆ. ದೊಡ್ಡ ನೆರೆ ಬಂದರೆ ಅದೂ ಹೋಗುತ್ತದೆ.

ಅದಕ್ಕೇ ಮೇ ತಿಂಗಳು ಪೂರ್ತಿ ಮಳೆಗಾಲದ ತಯಾರಿ. ಸೌದೆ ಒಡೆದು ಕೊಟ್ಟಿಗೆ ಮಾಡಿನ ಕೆಳಗೆ ಪೇರಿಸಬೇಕು. ಅಕ್ಕಿ, ಬೇಳೆ, ಒಣಮೀನು ತುಂಬಿಸಬೇಕು. ಹಲಸಿನ ಹಪ್ಪಳ ಒಣಗಿಸಿ, ಸೊಳೆ ಉಪ್ಪಿಗೆ ಹಾಕಬೇಕು. ಮಳೆ ಹಿಡಿದ ಮೇಲೆ ಕಾಡೇ ತರಕಾರಿ ಕೊಡುತ್ತದೆ: ಕಳಲೆ, ಕೆಸು, ಅಣಬೆ, ಗದ್ದೆ ಬದುವಿನ ಏಡಿ. ಯಾವ ಅಣಬೆ ತಿನ್ನಬಹುದು, ಯಾವುದನ್ನು ಮುಟ್ಟಬಾರದು ಅನ್ನುವುದನ್ನು ನನಗೆ ಕಲಿಸಿದ್ದು ಮೇಲಿನ ಮನೆಯ ಮಲೆಕುಡಿಯ ಅಕ್ಕ. ಅವರ ಕಣ್ಣಿಗೆ ಕಾಣುವ ಕಾಡು ನನಗೆ ಈಗಲೂ ಅರ್ಧ ಕೂಡ ಕಾಣುವುದಿಲ್ಲ.

ಮಳೆಗಾಲದಲ್ಲಿ ಬುಡಕಟ್ಟು ಕುಟುಂಬಗಳಿಗೆ ಸರ್ಕಾರದಿಂದ ಪೌಷ್ಟಿಕ ಆಹಾರ ಬರುತ್ತದೆ. ಬೇಳೆ, ಬೆಲ್ಲ, ಎಣ್ಣೆ, ಮೊಟ್ಟೆ ಎಲ್ಲ ಇರುತ್ತದೆ. ನಿಜಕ್ಕೂ ಉಪಕಾರದ ಯೋಜನೆ. ಆದರೆ ವಾಹನ ನಿಲ್ಲುವುದು ರಸ್ತೆ ಮುಗಿಯುವಲ್ಲಿ. ಅಲ್ಲಿಂದ ಮೊಟ್ಟೆ ಟ್ರೇ ಹಿಡಿದು, ಇಂಬಳ (ಕಾಡಿನ ಜಿಗಣೆ) ಕಚ್ಚಿಸಿಕೊಳ್ಳುತ್ತಾ, ಜಾರುವ ಸಂಕ ದಾಟಿ ಬರಬೇಕು. ಕಾಯಿಲೆಯವರನ್ನು ಇದೇ ದಾರಿಯಲ್ಲಿ ಕುರ್ಚಿಗೆ ಬಡಿಗೆ ಕಟ್ಟಿ, ಇಲ್ಲ ಕಂಬಳಿ ಜೋಲಿಯಲ್ಲಿ ಹೊತ್ತು ಸಾಗಿಸುತ್ತೇವೆ. ಹೊರುವುದಕ್ಕೆ ಗಟ್ಟಿ ಆಳುಗಳು ಬೇಕು. ಹುಡುಗರೆಲ್ಲ ಬೆಂಗಳೂರು, ಮಂಗಳೂರು ಅಂತ ಹೋಗಿದ್ದಾರೆ. ಬಸುರಿ ಹೆಣ್ಣುಮಕ್ಕಳನ್ನು ದಿನ ಹತ್ತಿರ ಬರುವ ಮೊದಲೇ ಪೇಟೆಯ ನೆಂಟರ ಮನೆಗೆ ಕಳಿಸಿಬಿಡುತ್ತಾರೆ. ಮಕ್ಕಳು ಆಶ್ರಮ ಶಾಲೆಗೋ ಹಾಸ್ಟೆಲ್‌ಗೋ ಸಣ್ಣ ವಯಸ್ಸಿಗೇ ಹೋಗುತ್ತಾರೆ. ಜೂನ್‌ನಲ್ಲಿ ಒಮ್ಮೆಲೇ ಮನೆಗಳು ಸುಮ್ಮನಾಗಿಬಿಡುತ್ತವೆ. ಇದು ನನಗೆ ತುಂಬ ನೋವಿನ ವಿಷಯ.

ಕರೆಂಟ್ ಬಗ್ಗೆಯೂ ಕೇಳಿದ್ದೀರಿ. ಇದನ್ನು ಹೇಳಲು ಖುಷಿ. ಕಂಬ ಬಾರದ ಮನೆಗಳಲ್ಲಿ ಹಳ್ಳದ ನೀರಿನಿಂದಲೇ ಕರೆಂಟ್ ಮಾಡಿಕೊಳ್ಳುತ್ತೇವೆ. ಪಿಕೋ ಹೈಡ್ರೋ ಅಂತಾರೆ. ಮೇಲೆ ಹಳ್ಳಕ್ಕೆ ಸಣ್ಣ ಕಟ್ಟೆ ಕಟ್ಟಿ, ಪೈಪಿನಲ್ಲಿ ನೀರು ಇಳಿಸಿ, ಕೆಳಗೆ ಪುಟ್ಟ ಟರ್ಬೈನ್ ತಿರುಗಿಸುವುದು. ಸಾಮಾನ್ಯವಾಗಿ 1 ಕಿಲೋವಾಟ್ ಯಂತ್ರ. ದೀಪ, ಟಿವಿ, ಮೊಬೈಲ್ ಚಾರ್ಜ್‌ಗೆ ಧಾರಾಳ ಸಾಕು. ನಮ್ಮ ಕಡೆ ಹಗಲಲ್ಲೂ ಬಲ್ಬ್ ಉರಿಯುವುದನ್ನು ನೋಡಿ ಹೊರಗಿನವರು ದುಂದು ಅಂದುಕೊಳ್ಳುತ್ತಾರೆ. ಹಾಗಲ್ಲ. ನೀರು ಬೀಳುತ್ತಿರುವಾಗ ಯಂತ್ರಕ್ಕೆ ಲೋಡ್ ಇರಲೇಬೇಕು, ಅಂದರೆ ಅದರ ಕರೆಂಟ್ ಎಲ್ಲಾದರೂ ಖರ್ಚಾಗುತ್ತಿರಬೇಕು. ಇಲ್ಲದಿದ್ದರೆ ವೇಗ ಹೆಚ್ಚಿ, ವೋಲ್ಟೇಜ್ ಏರಿ ಎಲ್ಲ ಸುಟ್ಟುಹೋಗುತ್ತದೆ. ಉಳಿದ ಕರೆಂಟನ್ನು ಕೆಲವರು ನೀರು ಕಾಯಿಸಲು ಬಿಡುತ್ತಾರೆ. ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ ರಾತ್ರಿ ಮಳೆಯಲ್ಲೇ ಹತ್ತಿ ಬಿಡಿಸಬೇಕು. ಬೇಸಿಗೆಗೆ ಹಳ್ಳ ಸಣ್ಣಗಾದರೆ ಸೋಲಾರ್ ದೀಪವೇ ಗತಿ.

ಬೇಸಿಗೆಗೆ ಬೇರೆ ಚಿಂತೆ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ಗುಡಿಸಿ ತರುವಾಗ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಮೈಗೆ ಹತ್ತುತ್ತದೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಕಾಡಲ್ಲಿ ಮಂಗ ಸತ್ತುಬಿದ್ದಿದ್ದರೆ ಆ ಕಡೆ ಹೋಗದೆ ಆಶಾ ಕಾರ್ಯಕರ್ತೆಗೆ ಹೇಳುತ್ತೇವೆ. ಕಾಟಿ (ಕಾಡುಕೋಣ), ಹಂದಿ, ಮಂಗಗಳ ಕಾಟ ವರ್ಷಪೂರ್ತಿ ಇದ್ದದ್ದೇ.

ಈಗ ನಿಮ್ಮ ಎರಡನೇ ಪ್ರಶ್ನೆ, ಯಾಕೆ ಇನ್ನೂ ಅಲ್ಲೇ ಇದ್ದೀರಿ ಅಂತ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಂತ ಸರ್ಕಾರ ಹೆಸರಿಟ್ಟಿದ್ದು 1987ರಲ್ಲಿ. ಮಲೆಕುಡಿಯರು ಅದಕ್ಕಿಂತ ಎಷ್ಟೋ ತಲೆಮಾರು ಹಿಂದಿನವರು. ಜೇನು, ಸೀಗೆ, ರಾಮಪತ್ರೆ ತರುವುದು, ವಾಟೆ (ಒಂದು ಬಗೆಯ ಬಿದಿರು) ಸೀಳಿ ಬುಟ್ಟಿ ಹೆಣೆಯುವುದು ಅವರ ಬದುಕು. ಜೇನು ಇಳಿಸುವಾಗ ಮರಿ ಇರುವ ಭಾಗ ಬಿಟ್ಟು ಬರುವ ಹಿರಿಯರನ್ನು ನಾನೇ ನೋಡಿದ್ದೇನೆ. ಅವರ ಬೆಟ್ಟದ ಪಕ್ಕದಲ್ಲೇ ವರ್ಷಗಟ್ಟಲೆ ಕಬ್ಬಿಣದ ಅದಿರು ತೆಗೆದರು. ಅದು ನಿಂತಿದ್ದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2005ರ ಕೊನೆಗೆ. ಕಾಡು ಹಾಳಾಗುವುದಕ್ಕೆ ಈ ಗುಡಿಸಲುಗಳು ಕಾರಣ ಅಂದರೆ ನಾನು ಒಪ್ಪುವುದಿಲ್ಲ.

ಹೊರಗೆ ಹೋಗುವುದು ತಪ್ಪು ಅಂತಲೂ ಹೇಳುವುದಿಲ್ಲ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರು 2001–02ರ ಸುಮಾರಿಗೆ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಗೆ ಹೋದರು. ಅಲ್ಲಿ ಅವರಿಗೆ ನೀರಾವರಿ ಜಮೀನು ಸಿಕ್ಕಿತು. ನಮ್ಮಲ್ಲೂ ಪರಿಹಾರದ ಹಣ ತೆಗೆದುಕೊಂಡು ಹೊರಟವರಿದ್ದಾರೆ. ಆದರೆ ಜಮೀನಿನ ಪತ್ರವೇ ಇಲ್ಲದವರು, ಕಾಡಿನ ಕೆಲಸ ಬಿಟ್ಟು ಬೇರೆ ಗೊತ್ತಿಲ್ಲದ ವಯಸ್ಸಾದವರು ಪೇಟೆಯಲ್ಲಿ ಏನು ಮಾಡಬೇಕು ಹೇಳಿ?

ಇರುವವರಿಗೆ ದಾರಿ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿ. ಶಾಲೆ, ಅಂಗನವಾಡಿ, ಕರೆಂಟ್ ಲೈನ್, ಕುಡಿಯುವ ನೀರಿನ ಪೈಪು, ರಸ್ತೆ ಇಂಥದ್ದಕ್ಕೆಲ್ಲ ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಕಡಿಯುವಂತಿಲ್ಲ. ಗ್ರಾಮಸಭೆ ಶಿಫಾರಸು ಮಾಡಬೇಕು. ನಮಗೆ ಮರ ಕಡಿಯುವ ಅಗತ್ಯವೇ ಇಲ್ಲ. ಡಾಂಬರು ರಸ್ತೆಯನ್ನೂ ಕೇಳಿಲ್ಲ. ಕುರ್ಚಿ ಹೊತ್ತವರು ಮಳೆಗಾಲದಲ್ಲಿ ಹೆದರದೆ ದಾಟುವಂಥ ಒಂದು ಕಾಲುಸೇತುವೆ ಬೇಕು, ಅಷ್ಟೇ. ಆ ಅರ್ಜಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಇಡುತ್ತೇವೆ. ನೀವು ಬರುವುದಾದರೆ ಅವತ್ತೇ ಬನ್ನಿ. ಮೇಲಿನ ಮನೆಯ ಅಕ್ಕನೂ ಅವತ್ತು ಇಳಿದು ಬಂದಿರುತ್ತಾರೆ, ನಿಮ್ಮ ಪ್ರಶ್ನೆಗಳನ್ನು ಅವರಿಗೇ ಕೇಳಬಹುದು.