ಚೂಪು ಕಾಲಿನ ಸ್ಪೀಕರ್ ಸ್ಟ್ಯಾಂಡ್ ಅಡಿಗೆ ನಾಣ್ಯ ಇಟ್ಟರೆ ಮರದ ನೆಲ ಉಳಿಯುತ್ತಾ?

ನಾಣ್ಯ ಬೇಡ. ಅದು ಚಪ್ಪಟೆ, ಸ್ಪೈಕ್ (ಸ್ಟ್ಯಾಂಡಿನ ಚೂಪು ಕಾಲು) ನಿಲ್ಲೋಕೆ ಗುಳಿಯೇ ಇಲ್ಲ. ಸ್ಟ್ಯಾಂಡ್‌ಗೆ ಸ್ವಲ್ಪ ಕೈ ತಾಗಿದರೂ ಮೊನೆ ಜಾರಿ ನೆಲಕ್ಕೆ ಗೀರು ಬೀಳುತ್ತೆ.

ಅದಕ್ಕೂ ಮೊದಲು, ನಿಮಗೆ ಸ್ಪೈಕ್ ಬೇಕಾ ಅಂತ ನೋಡಿ. ಕಾರ್ಪೆಟ್ ತೂರಿ ಕೆಳಗಿನ ಗಟ್ಟಿ ನೆಲಕ್ಕೆ ಊರಿಕೊಂಡು ಸ್ಟ್ಯಾಂಡ್ ಓಲಾಡದ ಹಾಗೆ ಹಿಡಿಯೋದು ಅದರ ಕೆಲಸ. ಬರಿ ನೆಲದಲ್ಲಿ ತೂರೋಕೆ ಏನೂ ಇಲ್ಲ, ಹಾನಿ ಮಾತ್ರ ಇದೆ. ಸ್ಪೀಕರ್, ಸ್ಟ್ಯಾಂಡ್ ಸೇರಿ 20 ಕಿಲೋ ಅಂದುಕೊಳ್ಳಿ, ನಾಲ್ಕು ಕಾಲಿಗೆ ತಲಾ 5 ಕಿಲೋ. ಮೊನೆ 1 ಮಿ.ಮೀ. ಅಗಲ ಇದ್ದರೆ ಒತ್ತಡ ಚದರ ಸೆಂಟಿಮೀಟರಿಗೆ 600 ಕಿಲೋ ದಾಟುತ್ತೆ. ಮರ ಕುಳಿ ಬೀಳೋದು ಇದಕ್ಕೇ. ಟೈಲ್ಸ್ ಆದರೆ, ಸ್ಟ್ಯಾಂಡನ್ನು ಕುಕ್ಕಿ ಇಟ್ಟಾಗ ಮೇಲಿನ ಗ್ಲೇಜ್ ಚಕ್ಕೆ ಏಳುತ್ತೆ.

ಹಾಗಾಗಿ ನನ್ನ ಮೊದಲ ಸಲಹೆ: ಸ್ಪೈಕ್ ಬಿಚ್ಚಿ, ಅದೇ ಥ್ರೆಡ್ಡಿನ ರಬ್ಬರ್ ಕಾಲು ಹಾಕಿ. ಸಾಮಾನ್ಯವಾಗಿ ಎಂ6 ಅಥವಾ ಎಂ8, ಅಂದರೆ 6 ಅಥವಾ 8 ಮಿ.ಮೀ. ದಪ್ಪದ ಥ್ರೆಡ್ ಇರುತ್ತೆ. ಬಿಚ್ಚಿದ ಸ್ಪೈಕಿಗೆ ಆ ಅಳತೆಯ ನಟ್ ಬೆರಳಲ್ಲೇ ಸಲೀಸಾಗಿ ಇಳಿಯಬೇಕು. ಶುರುವಿನಲ್ಲೇ ಕಚ್ಚಿಕೊಂಡರೆ ಇಂಚಿನ ಥ್ರೆಡ್ ಇರಬಹುದು, ಸ್ಪ್ಯಾನರ್ ಹಾಕಿ ತಿರುಗಿಸಬೇಡಿ. ಒಂದು ಎಚ್ಚರಿಕೆ: ವಿನೈಲ್ ಮೇಲೆ, ಕೆಲವು ಪಾಲಿಶ್ ಮಾಡಿದ ಮರದ ಮೇಲೆ, ರಬ್ಬರ್ ತಿಂಗಳುಗಟ್ಟಲೆ ಕೂತರೆ ಒರೆಸಿದರೂ ಹೋಗದ ಹಳದಿ ಕಲೆ ಬಿಡುತ್ತೆ. ಅಲ್ಲಿ ನಡುವೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಇರಲಿ.

ಸ್ಪೈಕ್ ಬಿಚ್ಚೋಕೆ ಬರಲ್ಲ ಅಂದರೆ ಹಿತ್ತಾಳೆ ಅಥವಾ ಸ್ಟೀಲಿನ ಸ್ಪೈಕ್ ಶೂ ಕೊಳ್ಳಿ, 20ರಿಂದ 25 ಮಿ.ಮೀ. ಅಗಲದ ಬಿಲ್ಲೆ. ನಡುವಿನ ಗುಳಿ ಸುಮಾರು 2 ಮಿ.ಮೀ. ಆಳ ಇದೆಯಾ ನೋಡಿ, ಆಳ ಇಲ್ಲದ್ದು ನಾಣ್ಯಕ್ಕಿಂತ ವಾಸಿಯೇನಲ್ಲ. ತಳಕ್ಕೆ 1–2 ಮಿ.ಮೀ. ದಪ್ಪದ ಗಟ್ಟಿ ಫೆಲ್ಟ್ ಅಂಟಿಸಿ. ದಪ್ಪ ಸ್ಪಂಜು ಹಾಕಿದರೆ ಸ್ಟ್ಯಾಂಡ್ ತೂಗಾಡುತ್ತೆ.

ಕೂರಿಸುವಾಗ ಸ್ಪೀಕರ್ ಕೆಳಗಿಳಿಸಿ, ಇಬ್ಬರು ಇರಿ. ಗುಳಿಯೊಳಗೆ ಸಾಸಿವೆ ಕಾಳಿನಷ್ಟು ಬ್ಲೂ ಟ್ಯಾಕ್ (ಹಿಟ್ಟಿನ ಹಾಗಿರುವ ಅಂಟು) ಇಟ್ಟು ಬಿಲ್ಲೆಯನ್ನು ಸ್ಪೈಕಿಗೆ ಅಂಟಿಸಿಕೊಂಡರೆ ಸ್ಟ್ಯಾಂಡ್ ಎತ್ತಿ ನೇರಕ್ಕೆ ಇಳಿಸಬಹುದು, ಬಿಲ್ಲೆ ಉದುರಲ್ಲ. ಆಮೇಲೆ ಮೇಲಿನ ತಟ್ಟೆಯನ್ನು ಮೂಲೆಯಿಂದ ಮೂಲೆಗೆ ಒತ್ತಿ ನೋಡಿ. ಕುಂಟಿದರೆ ಪ್ರತಿ ಬಿಲ್ಲೆಯಡಿ ಕಾಗದದ ಚೂರು ತೂರಿಸಿ: ಎಲ್ಲಿ ಸಲೀಸಾಗಿ ನುಸುಳುತ್ತೋ ಆ ಕಾಲು ಗಿಡ್ಡ. ಅದರ ಸ್ಪೈಕನ್ನು ಒಂದು ಸುತ್ತಿನ ಕಾಲು ಭಾಗ (1/4) ತಿರುಗಿಸಿ ಕೆಳಗಿಳಿಸಿ. ಎಂ8ರಲ್ಲಿ ಒಂದು ಸುತ್ತಿಗೆ 1.25 ಮಿ.ಮೀ. ಇಳಿಯೋದರಿಂದ ಇಷ್ಟೇ ಸಾಕಾಗಬಹುದು. ಕೊನೆಗೆ ಸ್ಪೈಕ್ ತಿರುಗದ ಹಾಗೆ ಹಿಡಿದು ಅದು ಸಡಿಲವಾಗದಂತೆ ತಡೆಯುವ ಲಾಕ್ ನಟ್ ಬಿಗಿ ಮಾಡಿ. ಇದನ್ನು ಮರೆತರೆ ಹಾಡಿನಲ್ಲಿ ಬೇಸ್ (ತಗ್ಗು ಸ್ವರ) ಬಂದಾಗಲೆಲ್ಲ ಕಾಲು ಝುಂ ಅನ್ನುತ್ತೆ.

ಸ್ಟ್ಯಾಂಡನ್ನು ಎಳೆಯಬೇಡಿ, ಯಾವತ್ತೂ ಎತ್ತಿಯೇ ಸರಿಸಿ. ಫೆಲ್ಟಿನಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣ ಸಾಕು, ಉಜ್ಜುಕಾಗದದ ಕೆಲಸ ಮಾಡುತ್ತೆ. ಆರು ತಿಂಗಳಿಗೊಮ್ಮೆ ತಿರುಗಿಸಿ ನೋಡಿ, ಬೆರಳಿಗೆ ತರಿತರಿ ಅನ್ನಿಸಿದರೆ ಬದಲಿಸಿ.